ಟ್ರೇಲರ್ ಟೈರ್‌ಗೆ ಟಿಪಿಎಂಎಸ್: ಪರದೆಗಿಂತ ಮೊದಲು ವಾಲ್ವ್ ನೋಡಿ

ಟ್ರೇಲರ್ ಟೈರ್‌ನಲ್ಲಿ ಗಾಳಿ ಇಳಿಯುತ್ತಿದ್ದರೆ ಮುಂದೆ ಗಾಡಿ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಕಾರಿನದೇ ಟೈರ್ ಆದರೆ ಸ್ಟೀರಿಂಗ್ ಒಂದು ಕಡೆ ಎಳೆಯುತ್ತದೆ, ಸೀಟಿನ ಕೆಳಗೆ ದಡದಡ ಅನ್ನುತ್ತದೆ. ಹಿಂದೆ ಕಟ್ಟಿಕೊಂಡು ಬರುವ ಟ್ರೇಲರ್‌ನಿಂದ ಅಂಥ ಸುಳಿವು ಬರುವುದಿಲ್ಲ. ಪಕ್ಕದ ಲಾರಿಯವರು ಹಾರ್ನ್ ಹೊಡೆದು ಕೈ ತೋರಿಸುವ ಹೊತ್ತಿಗೆ ಟೈರ್ ಚಿಂದಿಯಾಗಿ, ಮಡ್‌ಗಾರ್ಡ್ ಕಿತ್ತುಬಂದು, ಲೈಟಿನ ವೈರ್‌ಗಳೂ ಹರಿದಿರುತ್ತವೆ. ಹಾಗಾಗಿ ನನ್ನ ಪ್ರಕಾರ ಟೈರ್ ಪ್ರೆಷರ್ ಮಾನಿಟರ್, ಅಂದರೆ ಟಿಪಿಎಂಎಸ್, ಕಾರಿಗಿಂತ ಟ್ರೇಲರ್‌ಗೇ ಜಾಸ್ತಿ ಬೇಕು. ಆದರೆ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುವ ಹೆಚ್ಚಿನ ಕಿಟ್‌ಗಳು ಕಾರಿಗೆ ಅಂತಲೇ ಮಾಡಿದವು.

ನಮ್ಮ ಮನೆ ಬೆಂಗಳೂರಿನ ಕೆಂಗೇರಿ ಹತ್ತಿರ. ಇಸುಝು ಪಿಕಪ್‌ಗೆ ಎರಡು ಚಕ್ರದ ಚಿಕ್ಕ ಕ್ಯಾಂಪರ್ ಟ್ರೇಲರ್ ಕಟ್ಟಿಕೊಂಡು ಸಕಲೇಶಪುರ, ಮಂಗಳೂರು, ಒಮ್ಮೊಮ್ಮೆ ಚಿತ್ರದುರ್ಗದ ಕಡೆ ಹೋಗುತ್ತೇವೆ. ಓಡಿಸುವುದು ನಾನು. ಪಕ್ಕದಲ್ಲಿ ನಮ್ಮ ಯಜಮಾನರು, ಹಿಂದೆ ಮಾವ ಮತ್ತು ಮಗಳು. ಟ್ರೇಲರ್ ಒಳಗೆ ಹಾಸಿಗೆ, ಸ್ಟೌವ್, ನೀರಿನ ಟ್ಯಾಂಕ್. ಟ್ಯಾಂಕ್ ತುಂಬಿದರೆ ಎರಡು ಟೈರ್ ಮೇಲೂ ಒಳ್ಳೆಯ ಭಾರ ಬೀಳುತ್ತದೆ. 13 ಇಂಚಿನ ಎಲ್‌ಟಿ (ಲೈಟ್ ಟ್ರಕ್) ಟೈರ್, ಟ್ಯೂಬ್‌ಲೆಸ್. ಬೆಳಗ್ಗೆ ತಣ್ಣಗಿರುವಾಗ ಗಾಳಿಯ ಒತ್ತಡ 50 ಪಿಎಸ್‌ಐ ಇಡುತ್ತೇವೆ.

ಟಿಪಿಎಂಎಸ್‌ನಲ್ಲಿ ಎರಡು ಜಾತಿ. ಒಂದರಲ್ಲಿ ಸೆನ್ಸರ್ ಟೈರ್‌ನಲ್ಲೇ ಕೂತು ಗಾಳಿಯನ್ನು ಅಳೆಯುತ್ತದೆ. ಇನ್ನೊಂದು ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡುವ ವ್ಯವಸ್ಥೆಯ ಸೆನ್ಸರ್‌ಗಳಿಂದ ಚಕ್ರ ಎಷ್ಟು ಬೇಗ ತಿರುಗುತ್ತಿದೆ ಅಂತ ನೋಡಿ ಊಹೆ ಮಾಡುತ್ತದೆ. ಗಾಳಿ ಇಳಿದ ಚಕ್ರ ಸ್ವಲ್ಪ ಚಿಕ್ಕದಾಗಿ ಉಳಿದವಕ್ಕಿಂತ ಬೇಗ ತಿರುಗುತ್ತದಲ್ಲ, ಆ ಲೆಕ್ಕ. ನಮ್ಮಂಥ ಟ್ರೇಲರ್‌ನಲ್ಲಿ ಎಬಿಎಸ್ ಎಲ್ಲಿಂದ ಬರಬೇಕು? ಆದ್ದರಿಂದ ಮೊದಲನೆಯ ಜಾತಿಯೇ ಗತಿ.

ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರ್‌ಗಳು ಓಡುವಾಗಲೇ ಕಿತ್ತುಬಂದು ಗಾಡಿಗಳು ಪಲ್ಟಿಯಾದ ಪ್ರಕರಣದ ನಂತರ 2000ದಲ್ಲಿ ಕಾನೂನು ಬಂತು. 2007ರ ಸೆಪ್ಟೆಂಬರ್‌ನಿಂದ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಟಿಪಿಎಂಎಸ್ ಕಡ್ಡಾಯವಾಯಿತು. ಗಾಳಿ ಶೇಕಡಾ 25 ಇಳಿದರೆ ದೀಪ ಹತ್ತಬೇಕು ಅನ್ನುವುದು ನಿಯಮ. ಟ್ರೇಲರ್ ಅದರೊಳಗೆ ಬರಲಿಲ್ಲ. ಹೀಗಾಗಿ ಅಲ್ಲಿ ಆರ್‌ವಿ, ಅಂದರೆ ವಾಸಕ್ಕೆ ಅನುಕೂಲವಿರುವ ಪ್ರವಾಸದ ಗಾಡಿ ಇಟ್ಟುಕೊಂಡವರು ತಾವೇ ಕಿಟ್ ಕೊಳ್ಳುತ್ತಾರೆ. ಟಿಎಸ್‌ಟಿ, ಈಝ್‌ಟೈರ್, ಟೈರ್‌ಮೈಂಡರ್ ಅವರ ನಡುವೆ ಓಡಾಡುವ ಹೆಸರುಗಳು. ಇನ್ನು ಆ 25 ಶೇಕಡಾ ಲೆಕ್ಕವನ್ನು ಟ್ರೇಲರ್‌ಗೆ ಹಾಕಿ ನೋಡಿ. 50 ಇರುವ ಟೈರ್ 37.5ಕ್ಕೆ ಇಳಿಯುವವರೆಗೆ ಸುಮ್ಮನಿರಬೇಕು! ಭಾರ ಹೊತ್ತ ಟೈರ್ ಅಷ್ಟರಲ್ಲಿ ಬದಿ ಬಾಗಿ ಬಾಗಿ ಒಳಗೇ ಕಾದು ಹೋಗಿರುತ್ತದೆ. ಟೈರ್ ಒಡೆಯುವುದು ಹೆಚ್ಚಾಗಿ ಈ ಬಿಸಿಯಿಂದಲೇ. ನಾನು ಅಲಾರಂ ಇಟ್ಟಿರುವುದು ಶೇಕಡಾ 10ಕ್ಕೆ. ಎಷ್ಟಕ್ಕೆ ಕೂಗಬೇಕು ಅಂತ ನಾವೇ ಇಡಲು ಬಿಡದ ಕಿಟ್ ಇದ್ದರೆ, ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ಟ್ರೇಲರ್‌ಗೆ ತರಬೇಡಿ.

ನಾನು ಎರಡು ಕಿಟ್ ಬಳಸಿ ನೋಡಿದ್ದೇನೆ. ಮೊದಲನೆಯದು ಭಾವನ ಕಾರಿನದು. ನಾಲ್ಕು ಸೆನ್ಸರ್, ಡ್ಯಾಶ್‌ಬೋರ್ಡ್ ಮೇಲೆ ಸೋಲಾರ್ ಪರದೆ. ಕಾರಿಗೆ ಅದು ಚೆನ್ನಾಗಿಯೇ ಇದೆ. ಟ್ರೇಲರ್‌ಗೆ ಹಾಕಿದರೆ ಮನೆ ಮುಂದೆ ನಿಂತಾಗ ಅಂಕಿ ಬರುತ್ತಿತ್ತು, ರಸ್ತೆಗೆ ಇಳಿದ ಮೇಲೆ ಬರುತ್ತಿರಲಿಲ್ಲ. ಪರದೆಗೂ ಟ್ರೇಲರ್ ಚಕ್ರಕ್ಕೂ ನಡುವೆ ಪಿಕಪ್‌ನ ಕ್ಯಾಬಿನ್ ಇದೆ, ಲೋಡ್ ಬಾಡಿ ಇದೆ, ಟ್ರೇಲರ್‌ನ ತಗಡು ಇದೆ. ಚಿಕ್ಕ ಗುಂಡಿ ಸೆಲ್‌ನಲ್ಲಿ ನಡೆಯುವ ಸೆನ್ಸರ್‌ನ ರೇಡಿಯೋ ಇಷ್ಟೆಲ್ಲ ಲೋಹ ದಾಟಿ ಬರುವುದು ಕಷ್ಟ. ಅದಕ್ಕಿಂತ ಕೆಟ್ಟದ್ದು ಏನೆಂದರೆ, ಸಿಗ್ನಲ್ ತಪ್ಪಿದರೂ ಪರದೆ ಮೇಲೆ ಹಳೆಯ ಅಂಕಿಯೇ ನಿಂತಿರುತ್ತಿತ್ತು. ನೋಡಿದವರಿಗೆ ಎಲ್ಲ ಸರಿ ಇದೆ ಅನ್ನಿಸಬೇಕು, ಹಾಗೆ. ಸಿಗ್ನಲ್ ಇಲ್ಲದಾಗ ಇಲ್ಲ ಅಂತ ಹೇಳದ ಕಿಟ್ ಅಪಾಯ.

ಈಗ ಇರುವುದು ಟ್ರೇಲರ್‌ಗೆಂದೇ ಬರುವ ಕಿಟ್. ಆರು ಸೆನ್ಸರ್, ಒಂದು ಪರದೆ, ಒಂದು ರಿಪೀಟರ್. ಸುಮಾರು ಒಂಬತ್ತು ಸಾವಿರ ಕೊಟ್ಟೆ. ಅದರಲ್ಲಿ ನಿಜವಾದ ಬೆಲೆ ಇರುವುದು ರಿಪೀಟರ್‌ಗೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಎರಡು ವೈರ್. ಟ್ರೇಲರ್‌ನ ಮುಂದಿನ ಗೋಡೆಗೆ ಅಂಟಿಸಿ, ಒಳಗಿನ 12 ವೋಲ್ಟ್ ಬ್ಯಾಟರಿಯಿಂದ ಕರೆಂಟ್ ಕೊಟ್ಟೆವು. ಚಕ್ರದ ಮಾತನ್ನು ಹಿಡಿದು ಜೋರಾಗಿ ಮುಂದಕ್ಕೆ ದಾಟಿಸುತ್ತದೆ. ಆಮೇಲೆ ಸಿಗ್ನಲ್ ತಪ್ಪಿದ್ದು ತೀರಾ ಅಪರೂಪ, ತಪ್ಪಿದಾಗಲೂ ಪರದೆಯಲ್ಲಿ ಗೆರೆ ಬಂದು ಬೀಪ್ ಆಗುತ್ತದೆ. ಬ್ರೇಕ್ ಲೈಟಿನ ವೈರ್‌ನಿಂದ ಮಾತ್ರ ರಿಪೀಟರ್‌ಗೆ ಕರೆಂಟ್ ತೆಗೆದುಕೊಳ್ಳಬೇಡಿ. ಬ್ರೇಕ್ ಒತ್ತಿದಾಗಷ್ಟೇ ಅದಕ್ಕೆ ಜೀವ ಇರುತ್ತದೆ.

ಇನ್ನು ವಾಲ್ವ್. ಈ ವಿಷಯವನ್ನು ಕಿಟ್ ಮಾರುವವರು ಯಾರೂ ಸರಿಯಾಗಿ ಹೇಳುವುದಿಲ್ಲ.

ವಾಲ್ವ್‌ನ ಕ್ಯಾಪ್ ತೆಗೆದು ಅದರ ಜಾಗದಲ್ಲಿ ತಿರುಗಿಸಿ ಕೂರಿಸುವ ಸೆನ್ಸರ್ ಒಳಗಿನ ಪಿನ್ ಅನ್ನು ಯಾವಾಗಲೂ ಒತ್ತಿಕೊಂಡೇ ಇರುತ್ತದೆ. ಇಲ್ಲದಿದ್ದರೆ ಅದಕ್ಕೆ ಗಾಳಿ ಸಿಗುವುದಾದರೂ ಹೇಗೆ? ಅಂದರೆ ಗಾಳಿ ತಡೆಯಲು ಪಿನ್ ಮಾಡುತ್ತಿದ್ದ ಕೆಲಸ ಈಗ ಸೆನ್ಸರ್ ಒಳಗಿನ ಚಿಕ್ಕ ರಬ್ಬರ್ ವಾಷರ್ ಮೇಲೆ ಬಿತ್ತು. ಆ ವಾಷರ್ ಹರಿದರೆ, ಅಥವಾ ಸೆನ್ಸರ್ ಕಲ್ಲಿಗೆ ತಾಗಿ ಬಿರುಕು ಬಿಟ್ಟರೆ, ಗಾಳಿ ಅಲ್ಲಿಂದಲೇ ಹೋಗುತ್ತದೆ. ಅದರ ಮೇಲೆ ತೂಕ ಬೇರೆ. ಚಕ್ರ ತಿರುಗುವಾಗ ತುದಿಯಲ್ಲಿರುವ ಸೆನ್ಸರ್ ವಾಲ್ವ್ ಅನ್ನು ಹೊರಕ್ಕೆ ಬಗ್ಗಿಸುತ್ತಲೇ ಇರುತ್ತದೆ. ಸಾಮಾನ್ಯ ಕಾರಿನ ರಬ್ಬರ್ ವಾಲ್ವ್ ಮಾಡಿರುವುದು 65 ಪಿಎಸ್‌ಐವರೆಗಿನ ಟೈರ್‌ಗೆ. ನಮ್ಮ ಟ್ರೇಲರ್ ಟೈರ್ ತಣ್ಣಗೆ 50 ಇದ್ದದ್ದು ಬಿಸಿಲಿನ ಓಟದಲ್ಲಿ 58ರ ಹತ್ತಿರ ಹೋಗುತ್ತದೆ, ಅಂದರೆ ಆ ಮಿತಿಗೆ ಹೆಚ್ಚು ದೂರವಿಲ್ಲ.

ಮೈಸೂರು ರಸ್ತೆಯಲ್ಲಿ ನಾವು ಯಾವಾಗಲೂ ಹೋಗುವ ಪಂಕ್ಚರ್ ಅಂಗಡಿಯವರು ಸೆನ್ಸರ್ ಕೈಯಲ್ಲಿ ಹಿಡಿದು ತೂಗಿ ನೋಡಿದರು. "ಅಕ್ಕಾ, ಈ ರಬ್ಬರ್ ವಾಲ್ವ್ ಇದನ್ನ ತಡೆಯಲ್ಲ" ಅಂದರು. ಹಾಗೇ ಹೇಳಿ ಬಿಡಲಿಲ್ಲ. ಸೆನ್ಸರ್ ಕೂರಿಸಿ, ವಾಲ್ವ್ ಬುಡಕ್ಕೆ ಸೋಪಿನ ನೀರು ಸವರಿ, ಸೆನ್ಸರ್ ಅನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರು. ನೇರ ಇದ್ದಾಗ ಏನೂ ಇಲ್ಲ. ಒತ್ತಿದ ಕೂಡಲೇ ರಿಮ್ ಮತ್ತು ರಬ್ಬರ್ ನಡುವೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ಕೈ ಬಿಟ್ಟರೆ ನಿಂತವು. ನಿಂತ ಗಾಡಿಯಲ್ಲಿ ಎಷ್ಟು ಸಲ ನೋಡಿದರೂ ಸಿಗದ ಲೀಕ್ ಅದು, ಓಡುವಾಗ ಮಾತ್ರ ಆಗುವಂಥದ್ದು.

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ನಟ್ ಹಾಕಿ ಬಿಗಿಯುವ ಲೋಹದ ವಾಲ್ವ್ ಸಿಗುತ್ತದೆ. ಹಿತ್ತಾಳೆಯದೇ ಕೇಳಿ. ಹೊಳೆಯುವ ಅಲ್ಯೂಮಿನಿಯಂ ವಾಲ್ವ್ ನೋಡಲು ಚೆಂದ, ಆದರೆ ಅದರ ಮೇಲೆ ಒಳಗೆ ಹಿತ್ತಾಳೆಯ ತಿರುಪು ಇರುವ ಸೆನ್ಸರ್ ಕೂತರೆ ಒಂದು ಮಳೆಗಾಲದಲ್ಲಿ ಎರಡೂ ಕಚ್ಚಿಕೊಳ್ಳುತ್ತವೆ. ಕರಾವಳಿಗೆ ಹೋಗುವವರಿಗೆ ಇನ್ನೂ ಬೇಗ. ಆಮೇಲೆ ಸೆನ್ಸರ್ ಬಿಚ್ಚಲು ಹೋದರೆ ವಾಲ್ವೇ ಮುರಿಯುತ್ತದೆ.

ಸೆನ್ಸರ್ ಬಿಚ್ಚದೆ ಗಾಳಿ ಹಾಕಬಹುದಾದ ಬಗೆಯೂ ಇದೆ. ಅನುಕೂಲ ನಿಜ, ಆದರೆ ಅದು ಉದ್ದ ಮತ್ತು ಭಾರ. ಲೋಹದ ವಾಲ್ವ್ ಇಲ್ಲದೆ ಅದರ ತಂಟೆಗೆ ಹೋಗಬಾರದು. ರಿಮ್ ಒಳಗೇ ಕೂರುವ ಸೆನ್ಸರ್ ಎಲ್ಲಕ್ಕಿಂತ ಒಳ್ಳೆಯದು. ಕಳ್ಳತನದ ಭಯವಿಲ್ಲ, ಕಲ್ಲು ತಾಗುವುದಿಲ್ಲ. ಆದರೆ ಸೆಲ್ ಮುಗಿದಾಗ ಹೆಚ್ಚಿನವುಗಳಲ್ಲಿ ಸೆನ್ಸರನ್ನೇ ಬದಲಿಸಬೇಕು, ಅದಕ್ಕೆ ಟೈರ್ ಬಿಚ್ಚಿಸಬೇಕು. ಹೊರಗಿನ ಸೆನ್ಸರ್‌ಗೆ ನಮ್ಮ ಕಿಟ್‌ನಲ್ಲಿ ಸಿಆರ್ 1632 ಸೆಲ್, ಮನೆಯಲ್ಲೇ ಹಾಕಬಹುದು.

ಕಿಟ್ ಹಾಕಿದ ಬೆಂಗಳೂರಿನವರೆಲ್ಲ ಕೇಳುವ ಪ್ರಶ್ನೆ ಒಂದಿದೆ: ಪೆಟ್ರೋಲ್ ಬಂಕ್‌ನಲ್ಲಿ 50 ಹಾಕಿಸಿದರೆ ಪರದೆ ಯಾಕೆ 48.5 ತೋರಿಸುತ್ತದೆ? ಸೆನ್ಸರ್ ಕೆಟ್ಟಿದೆ ಅಂತ ವಾಪಸ್ ಕಳಿಸುವವರೂ ಇದ್ದಾರೆ. ಕೆಟ್ಟಿಲ್ಲ. ನಾವು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದ್ದೇವೆ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ. ಬಂಕ್‌ನ ಗೇಜ್ ಟೈರ್ ಒಳಗೂ ಹೊರಗೂ ಇರುವ ವ್ಯತ್ಯಾಸ ತೋರಿಸುತ್ತದೆ. ಇಂಥ ಸೆನ್ಸರ್ ಒಳಗಿನ ಪೂರ್ತಿ ಒತ್ತಡ ಅಳೆದು, ಸಮುದ್ರಮಟ್ಟದ ಗಾಳಿಯ ಲೆಕ್ಕ ಕಳೆದು ಅಂಕಿ ಕೊಡುತ್ತದೆ. ಹಾಗಾಗಿ ಮಂಗಳೂರಿನಲ್ಲಿ ಬೆಳಗ್ಗೆ ನೋಡಿದರೆ ಗೇಜ್ ಮತ್ತು ಪರದೆ ಎರಡೂ ಹೊಂದುತ್ತವೆ, ಕೆಂಗೇರಿಯಲ್ಲಿ ಹೊಂದುವುದಿಲ್ಲ. ನಾನು ಮಾಡುವುದು ಇಷ್ಟೇ. ಒಂದು ಒಳ್ಳೆಯ ಗೇಜ್ ಇಟ್ಟುಕೊಂಡು ಬೆಳಗ್ಗೆ 50 ಸರಿಮಾಡಿ, ಪರದೆ ಎಷ್ಟು ತೋರಿಸುತ್ತದೋ ಅದನ್ನೇ ಮೂಲ ಅಂಕಿಯಾಗಿ ಇಟ್ಟು ಅಲಾರಂ ಹೊಂದಿಸುತ್ತೇನೆ.

ಬಿಸಿಗೂ ಲೆಕ್ಕ ಇದೆ. ನಮ್ಮ ಒತ್ತಡದ ಟೈರ್‌ನಲ್ಲಿ ಪ್ರತಿ 10 ಡಿಗ್ರಿಗೆ ಎರಡು ಪಿಎಸ್‌ಐಗಿಂತ ಸ್ವಲ್ಪ ಜಾಸ್ತಿ ಏರುತ್ತದೆ. ಮಧ್ಯಾಹ್ನ ಹೆಚ್ಚಾಯಿತು ಅಂತ ಗಾಳಿ ಬಿಡಬಾರದು, ಬಿಟ್ಟರೆ ಮರುದಿನ ಬೆಳಗ್ಗೆ ಕಡಿಮೆ ಇರುತ್ತದೆ. ಇನ್ನು ಹೊರಗಿನ ಸೆನ್ಸರ್ ತೋರಿಸುವ ಉಷ್ಣತೆಯನ್ನು ಟೈರ್‌ನದೇ ಅಂತ ನಂಬಬೇಡಿ. ಅದು ಗಾಳಿಗೂ ಬಿಸಿಲಿಗೂ ಒಡ್ಡಿಕೊಂಡಿರುತ್ತದೆ. ಡಿಸೆಂಬರ್‌ನಲ್ಲಿ ಹಾಸನದ ಕಡೆ ಹೋಗುವಾಗ ಬಿಸಿಲು ಬೀಳುವ ಎಡಗಡೆಯದು ಯಾವಾಗಲೂ ಕೆಲವು ಡಿಗ್ರಿ ಜಾಸ್ತಿ. ವಾಪಸ್ ಬರುವಾಗ ಅದು ಬಲಗಡೆಗೆ ಹೋಗುತ್ತದೆ. ಹಾಗೆ ಬದಲಾಗದೆ ಬಿಸಿ ಒಂದೇ ಕಡೆ ನಿಂತರೆ ಆಗ ಆ ಚಕ್ರದ ಬೇರಿಂಗ್ ಗ್ರೀಸ್ ನೋಡಿಸಬೇಕು.

ಈ ಕಿಟ್ ತನ್ನ ಕೆಲಸ ಮಾಡಿದ್ದು ಹಿರೀಸಾವೆ ದಾಟಿದ ಮೇಲೆ. ವೇಗ 70ರ ಆಸುಪಾಸು. ಉದ್ದಕ್ಕೆ ಒಂದು ಬೀಪ್. ಬಲಗಡೆ ಟ್ರೇಲರ್ ಚಕ್ರ 55 ಇದ್ದದ್ದು 51. ಸಾಮಾನ್ಯವಾಗಿ ಸೆನ್ಸರ್ ಕೆಲವು ನಿಮಿಷಕ್ಕೊಮ್ಮೆ ಮಾತ್ರ ಅಂಕಿ ಕಳಿಸುತ್ತದೆ, ಗಾಳಿ ಬೇಗ ಇಳಿದರೆ ಮಾತ್ರ ತಕ್ಷಣ ಕೂಗುತ್ತದೆ. ಯಜಮಾನರು ಪರದೆ ಓದುತ್ತಾ ಹೋದರು, 49, 46. ಸ್ಟೀರಿಂಗ್‌ನಲ್ಲಿ ಏನೆಂದರೆ ಏನೂ ಇಲ್ಲ, ಕನ್ನಡಿಯಲ್ಲೂ ಟ್ರೇಲರ್ ನೆಟ್ಟಗೇ ಬರುತ್ತಿತ್ತು. ಹಿಂದಿನಿಂದ ಮಾವ, "ನಿಲ್ಲಿಸಮ್ಮ, ಆ ಡಬ್ಬಿ ಸುಮ್ನೆ ಕೂಗಲ್ಲ" ಅಂದರು. ಬ್ರೇಕ್ ಜೋರಾಗಿ ಒತ್ತದೆ ಎಡಕ್ಕೆ ತಂದು ನಿಲ್ಲಿಸಿದಾಗ 41. ಟೈರ್‌ನಲ್ಲಿ ಕಿರುಬೆರಳುದ್ದದ ಸ್ಕ್ರೂ. ಸ್ಟೆಪ್ನಿ ಹಾಕಿಕೊಂಡು ಚನ್ನರಾಯಪಟ್ಟಣದಲ್ಲಿ ಪಂಕ್ಚರ್ ಹಾಕಿಸಿದೆವು. ಟೈರ್ ಉಳಿಯಿತು.

ಸ್ಟೆಪ್ನಿ ಅಂದಾಗ ಒಂದು ಮಾತು. 2020ರಲ್ಲಿ ನಮ್ಮ ಕೇಂದ್ರ ಮೋಟಾರು ವಾಹನ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರ್, ಟಿಪಿಎಂಎಸ್ ಮತ್ತು ರಿಪೇರಿ ಕಿಟ್ ಇರುವ 3.5 ಟನ್ ಒಳಗಿನ ಗಾಡಿಗಳಿಗೆ ಸ್ಟೆಪ್ನಿ ಬೇಕಿಲ್ಲ ಅಂದರು. ಅದನ್ನು ಓದಿ ಟ್ರೇಲರ್‌ನ ಸ್ಟೆಪ್ನಿ ಮನೆಯಲ್ಲಿ ಬಿಟ್ಟು ಹೋಗಬೇಡಿ. ಟ್ರೇಲರ್ ಚಕ್ರದ ಅಳತೆ ಗಾಡಿಯದಕ್ಕಿಂತ ಬೇರೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಆರು ಸೆನ್ಸರ್ ಇದ್ದರೆ ಗಾಡಿಗೆ ನಾಲ್ಕು, ಟ್ರೇಲರ್‌ಗೆ ಎರಡು ಆಯಿತು. ಟ್ರೇಲರ್ ಸ್ಟೆಪ್ನಿಗೂ ಒಂದು ಬೇಕೆಂದರೆ ಬಿಡಿ ಸೆನ್ಸರ್ ಸಿಗುತ್ತದಾ ಅಂತ ಕೊಳ್ಳುವ ಮೊದಲೇ ಕೇಳಿ.

ಫೋನ್‌ನಲ್ಲೇ ನೋಡುವ ಬ್ಲೂಟೂತ್ ಸೆನ್ಸರ್‌ಗಳೂ ಇವೆ. ಜೆಕೆ ಟೈರ್‌ನವರ ಟ್ರೀಲ್ ಇಲ್ಲೇ ಸಿಗುತ್ತದೆ. ಟ್ರೇಲರ್ ಇಲ್ಲದ ಕಾರಿಗಾದರೆ ನಾನೂ ಅದನ್ನೇ ನೋಡುತ್ತಿದ್ದೆ, ಇನ್ನೊಂದು ಪರದೆಯ ಗೋಜಿಲ್ಲ. ಟ್ರೇಲರ್ ಎಳೆಯುವಾಗ ಫೋನ್‌ನಲ್ಲಿ ಮ್ಯಾಪ್ ಇರುತ್ತದೆ, ಕರೆ ಬರುತ್ತದೆ. ಅಲಾರಂಗೆ ಅದರದೇ ಪರದೆ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಕಿಟ್‌ನಲ್ಲಿ ಕೊರತೆ ಇಲ್ಲದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಪರದೆ ಸರಿಯಾಗಿ ಕಾಣುವುದಿಲ್ಲ. ಟೈರ್‌ಗಳನ್ನು ಅದಲು ಬದಲು ಮಾಡಿದಾಗ ಪ್ರತಿ ಸೆನ್ಸರ್‌ಗೂ ಜಾಗ ಮತ್ತೆ ಹೇಳಿಕೊಡಬೇಕು, ಆ ಬಟನ್‌ಗಳ ಕ್ರಮ ನೆನಪಿರುವುದಿಲ್ಲ. ಕಳ್ಳರು ಬಿಚ್ಚದಂತೆ ಲಾಕ್ ನಟ್ ಕೊಟ್ಟಿದ್ದಾರೆ, ಅದರ ಚಿಕ್ಕ ಸ್ಪಾನರ್ ಇಲ್ಲದೆ ಗಾಳಿ ಹಾಕಿಸಲು ಆಗುವುದಿಲ್ಲ. ನಾವು ಸ್ಪಾನರ್ ಅನ್ನು ಗಾಡಿ ಕೀ ಜೊತೆಗೇ ಪೋಣಿಸಿದ್ದೇವೆ. ವಾಷರ್ ಮತ್ತು ಸೆಲ್‌ಗಳನ್ನು ಮಳೆಗಾಲಕ್ಕೆ ಮುಂಚೆ ಒಟ್ಟಿಗೆ ಬದಲಿಸುತ್ತೇನೆ. ಸೆಲ್ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ. ವಾಷರ್ ಬಿಡಿಯಾಗಿ ಸಿಗುವುದಿಲ್ಲ, ಆದ್ದರಿಂದ ಕಿಟ್ ತೆಗೆದುಕೊಳ್ಳುವಾಗಲೇ ಎರಡು ಸೆಟ್ ಹೆಚ್ಚಿಗೆ ಕೇಳಿ ಇಟ್ಟುಕೊಳ್ಳಿ.