ಪ್ರಾದೇಶಿಕ ಉದ್ಯಾನಕ್ಕೆ ಯಾವ ಡಾರ್ಕ್ ರೈಡ್ ಒಪ್ಪುತ್ತದೆ?

ಕತ್ತಲ ಕಟ್ಟಡದೊಳಗೆ ಸಣ್ಣ ಬಂಡಿಯಲ್ಲಿ ಕುಳಿತು ದೃಶ್ಯದಿಂದ ದೃಶ್ಯಕ್ಕೆ ಸಾಗುವ ಡಾರ್ಕ್ ರೈಡ್ ಮಳೆ ಬಂದರೂ ನಿಲ್ಲದು. ಅಜ್ಜಿಯೂ ಮೊಮ್ಮಗಳೂ ಅದರಲ್ಲಿ ಒಟ್ಟಿಗೆ ಕೂರಬಹುದು. ಆದ್ದರಿಂದ ಮಧ್ಯಮ ಗಾತ್ರದ ಮನರಂಜನಾ ಉದ್ಯಾನಗಳು ಇನ್ನೊಂದು ರೋಲರ್ ಕೋಸ್ಟರ್‌ಗಿಂತ ಮೊದಲು ಇದನ್ನು ಪರಿಗಣಿಸಬೇಕು.

ಆಟಿಕೆ ಬಂದೂಕಿನಿಂದ ಗುರಿಯಿಟ್ಟು ಹೊಡೆಯುವ ಬಗೆಯ ಡಾರ್ಕ್ ರೈಡ್‌ಗಳಲ್ಲಿ ಅಂಕಗಳ ಪೈಪೋಟಿ ಜನರನ್ನು ಮರಳಿ ಕರೆತರುತ್ತದೆಂಬುದು ನಿಜ. ಆದರೆ ಪರದೆಯನ್ನೇ ನೆಚ್ಚಿಕೊಂಡದ್ದು ಕೆಲವೇ ವರ್ಷಗಳಲ್ಲಿ ಹಳೆಯ ವಿಡಿಯೊ ಗೇಮ್‌ನಂತೆ ಕಾಣತೊಡಗುತ್ತದೆ. ಮೇಲಾಗಿ, ಅಂಕಫಲಕಕ್ಕೆ ಕಣ್ಣು ನೆಟ್ಟವರು ದೃಶ್ಯವನ್ನು ನೋಡುವುದೇ ಇಲ್ಲ. ನೆದರ್ಲೆಂಡ್ಸ್‌ನ ಎಫ್ಟೆಲಿಂಗ್ 2017ರಲ್ಲಿ ತೆರೆದ ಸಿಂಬಾಲಿಕಾದಂಥ ಹಳಿರಹಿತ ರೈಡ್ ಸೊಗಸಾದುದು, ದುಬಾರಿಯೂ ಹೌದು.

ನನ್ನ ಒಲವು ಹಳಿಯ ಮೇಲೆ ಓಡುವ, ಕೈಯಿಂದ ಮಾಡಿದ ಬೊಂಬೆಗಳೂ ರಂಗಸಜ್ಜಿಕೆಯೂ ಇರುವ ಹಳೆಯ ಮಾದರಿಯ ಭೂತಬಂಗಲೆಯತ್ತ. ಪೆನ್ಸಿಲ್ವೇನಿಯಾದ ಕ್ನೋಬೆಲ್ಸ್ ಎಂಬ ಕುಟುಂಬ ಒಡೆತನದ ಉದ್ಯಾನದಲ್ಲಿ 1973ರಲ್ಲಿ ಆರಂಭವಾದ ಇಂಥ ರೈಡ್ ಇಂದಿಗೂ ಮೆಚ್ಚುಗೆ ಪಡೆಯುತ್ತಿದೆ. ತಿರುವಿನಾಚೆ ಏನಿದೆಯೆಂದು ತಿಳಿಯದ ಆ ಅರೆಕ್ಷಣದ ಅಳುಕನ್ನು ಯಾವ ತ್ರಿಡಿ ಕನ್ನಡಕವೂ ಕೊಡಲಾರದು. ಇದರ ಕೊರತೆಯೆಂದರೆ, ಬಿಡಿಬಿಡಿಯಾಗಿ ಹೊರಡುವ ಬಂಡಿಗಳಿಂದ ಸರದಿ ನಿಧಾನವಾಗಿ ಕರಗುತ್ತದೆ. ಡಿಸ್ನಿಲ್ಯಾಂಡ್ 1969ರ ತನ್ನ ಭೂತಬಂಗಲೆಯಲ್ಲಿ ಬಳಸಿದ, ಸರಪಳಿಯಂತೆ ಎಡೆಬಿಡದೆ ಚಲಿಸುವ ಆಸನಸಾಲು ಈ ತೊಂದರೆಯನ್ನು ಬಹುಪಾಲು ನೀಗಿಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. 1984ರಲ್ಲಿ ನ್ಯೂಜೆರ್ಸಿಯ ಉದ್ಯಾನವೊಂದರ, ನಡೆದು ನೋಡುವ ಭೂತಕೋಟೆಯಲ್ಲಿ ಬೆಂಕಿ ಬಿದ್ದು ಎಂಟು ಹದಿಹರೆಯದವರು ಸತ್ತರು. ನೀರು ಚಿಮ್ಮಿಸುವ ಸ್ಪ್ರಿಂಕ್ಲರ್, ಹೊಗೆ ಸೂಚಕ ಮತ್ತು ತುರ್ತುದೀಪಗಳ ವೆಚ್ಚವನ್ನು ಬೊಂಬೆಗಳಿಗಿಂತ ಮೊದಲು ಲೆಕ್ಕ ಹಾಕಬೇಕು.