ಚಿಕ್ಕಮಗಳೂರಿನ ಇಂಗ್ಲಿಷ್ ಬಿಟರ್: ಬಿಯರು ಚೆನ್ನ, ಕೊಡುವುದು ತೀರಾ ತಣ್ಣಗೆ

ಚಿಕ್ಕಮಗಳೂರಿನ ಸಣ್ಣ ಬ್ರೂವರಿಯೊಂದರ ಟ್ಯಾಪಿನಲ್ಲಿ ಈಗ ಇಂಗ್ಲಿಷ್ ಬಿಟರ್ ಬರುತ್ತಿದೆ. ಇದು ಇಂಗ್ಲೆಂಡಿನ ಪಬ್ಬುಗಳ ಕಹಿಮುಂದಾದ ಏಲ್, ಅಂದರೆ ಲಾಗರಿಗಿಂತ ಬೆಚ್ಚಗೆ ಹುದುಗಿಸುವ ಬಿಯರು. ಆಲ್ಕೊಹಾಲ್ ಶೇ 4.4, ಅಂದರೆ ಬೆಸ್ಟ್ ಬಿಟರ್ ಎನ್ನುವ ನಡುವಣ ದರ್ಜೆ. ಒಳ್ಳೆಯ ಬಿಯರು. ಆದರೆ ಅವರು ಕೊಟ್ಟ ಹಾಗೇ ಕುಡಿದರೆ ಅದು ಗೊತ್ತೇ ಆಗುವುದಿಲ್ಲ. ಲಾಗರ್ (ತಣ್ಣಗೆ ಕುಡಿಯುವ ಮಾಮೂಲಿ ಬಿಯರು) ಬರುವ ಕೂಲರಿನಿಂದಲೇ ಇದೂ ನಾಲ್ಕೈದು ಡಿಗ್ರಿಯಲ್ಲಿ ಬರುತ್ತದೆ, ಗ್ಲಾಸೂ ಫ್ರೀಜರಿನದ್ದು. ಅಷ್ಟು ತಣ್ಣಗಿದ್ದರೆ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಸಿಹಿ ಅಡಗಿ, ಹಾಪ್ಸ್ ಎಂಬ ಹೂವಿನ ಕಹಿ ಮಾತ್ರ ನಾಲಿಗೆಗೆ ಹತ್ತುತ್ತದೆ. ಮೊದಲ ಗುಟುಕಿಗೇ ‘ನೀರುನೀರು, ಮೇಲಿಂದ ಕಹಿ’ ಅಂತ ಪಕ್ಕಕ್ಕಿಡುವವರನ್ನು ದೂರುವಂತಿಲ್ಲ.

ಫ್ರೀಜರಿನಲ್ಲಿ ಇಡದ ಗ್ಲಾಸು ಕೇಳಿ. ತುಂಬಿಸಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಮುಟ್ಟಬೇಡಿ. ಇಂಗ್ಲೆಂಡಿನ ಪಬ್ಬುಗಳಲ್ಲಿ ಪೀಪಾಯಿಯ ಬಿಟರನ್ನು ನೆಲಮಾಳಿಗೆಯ ತಂಪಿನಲ್ಲಿ, 11–13 ಡಿಗ್ರಿಯಲ್ಲಿ ಕೊಡುವುದು ವಾಡಿಕೆ. ಅದೇ ಹದ ಬೇಕು. ನಡುನಡುವೆ ಗ್ಲಾಸನ್ನು ಮೆಲ್ಲಗೆ ತಿರುಗಿಸಿದರೆ ಹೆಚ್ಚಿನ ಗ್ಯಾಸು ಹೋಗುತ್ತದೆ. ಲಾಗರಿನಲ್ಲಿರುವ ಗ್ಯಾಸಿನ ಅರ್ಧ ಇದಕ್ಕೆ ಸಾಕು.

ಆಮೇಲೆ ನೋಡಿ. ತಾಮ್ರದ ಬಣ್ಣ, ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುವಷ್ಟು ತಿಳಿ. ಬೆರಳಗಲ ನೊರೆ, ತುಸು ಕೆನೆಬಣ್ಣದ್ದು, ಕುಡಿದಂತೆಲ್ಲ ಗ್ಲಾಸಿನ ಒಳಗೆ ಬಳೆಬಳೆಯಾಗಿ ಅಂಟುತ್ತ ಇಳಿಯುತ್ತದೆ. ಗ್ಲಾಸಿನಲ್ಲಿ ಎಣ್ಣೆ, ಸೋಪು ಉಳಿದಿದ್ದರೆ ಈ ಬಳೆ ಮೂಡುವುದಿಲ್ಲ. ಮೂಗಿಗೆ ಮೊದಲು ಬಿಸ್ಕತ್ತು, ಹಿಂದೆಯೇ ಆರೆಂಜ್ ಮಾರ್ಮಲೇಡ್, ಕೊನೆಗೆ ಮಣ್ಣು, ಒಣಹುಲ್ಲು. ಬಿಸ್ಕತ್ತು ಮಾರಿಸ್ ಆಟರ್ ಬಾರ್ಲಿಯ ಕೊಡುಗೆ, ಮಾರ್ಮಲೇಡ್ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಹಾಪ್ಸಿನದು, ಮಣ್ಣಿನ ವಾಸನೆ ಫಗಲ್ ಹಾಪ್ಸಿನದು. ಬಾಯಲ್ಲಿ ಕ್ರಿಸ್ಟಲ್ ಮಾಲ್ಟಿನ (ಒಳಗಿನ ಸಕ್ಕರೆ ಪಾಕವಾಗುವಂತೆ ಹುರಿದ ಮಾಲ್ಟು) ಟಾಫಿ ರುಚಿ ಬರುತ್ತದೆ, ಆದರೆ ಅಂಟಿಕೊಂಡು ಕೂರುವುದಿಲ್ಲ. ಅಳತೆ ಬಲ್ಲವರು ಮಾಡಿದ್ದಾರೆ. ಈ ಮಾಲ್ಟು ಒಟ್ಟು ಧಾನ್ಯದ ಶೇ 10 ದಾಟಿದರೆ ಎರಡನೇ ಗ್ಲಾಸಿಗೇ ಬಾಯಿ ಕಟ್ಟುತ್ತದೆ. ಕಹಿ ಕೊನೆಗೆ ನಾಲಿಗೆಯ ಬುಡದಲ್ಲಿ ಬಂದು, ಬಾಯಿ ಒಣಗಿಸಿ ನಿಲ್ಲುತ್ತದೆ. ಚಿಕೋರಿ ಬೆರೆಸದ ಡಿಕಾಕ್ಷನ್ ಬಲ್ಲ ಈ ಊರಿನ ಬಾಯಿಗೆ ಅದು ಬೇಗ ಒಗ್ಗುತ್ತದೆ.

ಆ ಒಣ ಕೊನೆಗೆ ನೀರೂ ಕಾರಣ. ಬಿಟರಿನ ಹತ್ತಿರದ ನಂಟಿನ ಪೇಲ್ ಏಲ್‌ಗೆ ಹೆಸರಾದ, ಇಂಗ್ಲೆಂಡಿನ ಬರ್ಟನ್ ಆನ್ ಟ್ರೆಂಟ್ ಊರಿನ ಬಾವಿ ನೀರಿನಲ್ಲಿ ಜಿಪ್ಸಂ ಹೇರಳ; ಅದರ ಸಲ್ಫೇಟು ಕಹಿಯನ್ನು ಚುರುಕು ಮಾಡುತ್ತದೆ. ಬರೀ ಆರ್‌ಓ ನೀರಿನಲ್ಲಿ ಮಾಡಿದರೆ ಕಹಿ ಮೊಂಡು. ಇಲ್ಲಿ ಮೊಂಡಾಗಿಲ್ಲ.

ಕೊರತೆ ಎಂದರೆ, ಗ್ಲಾಸು ಬೆಚ್ಚಗಾದಂತೆ ಬೆಣ್ಣೆಯ ವಾಸನೆ ಏಳುತ್ತದೆ. ಇದು ಡೈಅಸಿಟೈಲ್, ಬಿಯರು ಹುದುಗುವಾಗ ಹುಟ್ಟುವ ಅಂಶ. ಇಂಗ್ಲಿಷ್ ಏಲ್ ಯೀಸ್ಟುಗಳಲ್ಲಿ ಹೆಚ್ಚಿನವು ಬೇಗ ತಳಕ್ಕೆ ಕೂರುವ ಜಾತಿ. ಫರ್ಮೆಂಟೇಶನ್ ಮುಗಿಯಿತೆಂದು ಕೂಡಲೇ ಟ್ಯಾಂಕು ತಣಿಸಿದರೆ, ಈ ಬೆಣ್ಣೆ ಅಂಶವನ್ನು ಮತ್ತೆ ಹೀರಿಕೊಳ್ಳಲು ಯೀಸ್ಟಿಗೆ ಪುರುಸೊತ್ತಾಗುವುದಿಲ್ಲ. 20 ಡಿಗ್ರಿಯಲ್ಲಿ ಇನ್ನೆರಡು ದಿನ ಬಿಡಬೇಕಿತ್ತು. ಬಿಟರಿನಲ್ಲಿ ತುಸು ಬೆಣ್ಣೆ ಒಪ್ಪುತ್ತದೆ, ಇಲ್ಲಿ ಒಂದು ಕೈ ಹೆಚ್ಚಾಗಿದೆ. ಬೆಣ್ಣೆಯ ಜೊತೆ ಹುಳಿಯೂ ಹೊಡೆದರೆ ಮಾತ್ರ ಅದು ಬೇರೆ ಸಂಗತಿ: ಟ್ಯಾಪಿನ ಪೈಪು ತೊಳೆದಿಲ್ಲವೆಂದೇ ಮೊದಲ ಅನುಮಾನ. ಒದ್ದೆ ರಟ್ಟಿನ ವಾಸನೆ ಬಂದರೆ ಬಿಯರಿಗೆ ಗಾಳಿ ತಗುಲಿ ಹಳಸಿದೆ. ಎರಡರಲ್ಲಿ ಯಾವುದಿದ್ದರೂ ಸಂಕೋಚವಿಲ್ಲದೆ ವಾಪಸ್ ಕೊಡಿ.

ಚಿಲ್ಲಿ ಚಿಕನ್ ಜೊತೆಗೆ ಬೇಡ, ಖಾರಕ್ಕೆ ಕಹಿ ಇನ್ನಷ್ಟು ಚುಚ್ಚುತ್ತದೆ. ಕಾಳುಮೆಣಸು ಹಿತವಾಗಿ ಹಾಕಿ ಹುರಿದ ಹಂದಿಮಾಂಸ, ಜೊತೆಗೆ ಅಕ್ಕಿರೊಟ್ಟಿ ಚೆನ್ನಾಗಿ ಹೊಂದುತ್ತದೆ; ಮಾಂಸ ತಿನ್ನದವರಿಗೆ ಅಣಬೆ ಫ್ರೈ.

ಬಿಟರಿನ ಟ್ಯಾಪಿಗೆ ಬೇರೆ ಲೈನು ಎಳೆದು 12 ಡಿಗ್ರಿಯಲ್ಲಿಟ್ಟರೆ ಕಾಯುವ ಗೋಜೇ ಇರುವುದಿಲ್ಲ. ಅಲ್ಲಿಯವರೆಗೆ ಕೂತ ಕೂಡಲೇ ಬಿಟರ್ ಹೇಳಿ, ಆಮೇಲೆ ಮೆನು ತೆರೆಯಿರಿ. ರೊಟ್ಟಿ ಬರುವ ಹೊತ್ತಿಗೆ ಬಿಯರು ಹದಕ್ಕೆ ಬಂದಿರುತ್ತದೆ.