ಡ್ರಿಪ್ ಟೈಮರ್ ಡಬ್ಬಕ್ಕೆ ಎರಡು ಬಟನ್ನೋ, ನಾಲ್ಕೋ, ತಿರುಗಿಸುವ ನಾಬೋ?

ಚಿಂತಾಮಣಿ ಕಡೆಯ ಟೊಮೆಟೊ ತೋಟಗಳಲ್ಲಿ ಬೋರಿನ ನೀರು ಒಂದೇ ಸಲಕ್ಕೆ ಡ್ರಿಪ್ (ಹನಿ ನೀರಾವರಿ) ಪೈಪಿನ ಎಲ್ಲ ಸಾಲಿಗೂ ಸಾಲುವುದು ಅಪರೂಪ. ತೋಟವನ್ನು ನಾಲ್ಕು ಭಾಗ ಮಾಡಿ, ಒಂದೊಂದು ವಾಲ್ವ್‌ಗೂ ಇಷ್ಟು ನಿಮಿಷ ಎಂದು ಸರದಿ ಹಾಕಬೇಕು. ಆ ಸರದಿ ನೋಡಿಕೊಳ್ಳುವ ಟೈಮರ್ ಡಬ್ಬ ಮೋಟಾರಿನ ಸ್ಟಾರ್ಟರ್ ಪಕ್ಕದಲ್ಲೇ ಇರುತ್ತದೆ. ಮುಟ್ಟುವವರ ಕೈ ಒದ್ದೆ, ಕೆಲವೊಮ್ಮೆ ಕೆಸರು. ಹೊತ್ತು ಮಟಮಟ ಮಧ್ಯಾಹ್ನ, ಇಲ್ಲವೇ ತ್ರೀ ಫೇಸ್ ಕರೆಂಟು ಬಂದ ನಡುರಾತ್ರಿ. ಒಳಗಿನ ಸರ್ಕ್ಯೂಟ್ ಒಂದೇ ಇಟ್ಟು, ಮುಂಭಾಗವನ್ನು ಮಾತ್ರ ಮೂರು ಬಗೆಯಲ್ಲಿ ಮಾಡಿ ನೋಡಿದೆವು. ಮೂರಕ್ಕೂ ಕೊಟ್ಟ ಕೆಲಸ ಒಂದೇ: ಮೂರನೇ ವಾಲ್ವ್‌ಗೆ ಇರುವ 30 ನಿಮಿಷವನ್ನು 45ಕ್ಕೆ ಏರಿಸಿ ನೀರು ಬಿಡುವುದು.

ಎರಡು ಬಟನ್ನಿನದು ಅಗ್ಗ. ಡಬ್ಬಕ್ಕೆ ಎರಡೇ ತೂತು, ನೀರು ಒಳಗೆ ಇಳಿಯುವ ದಾರಿಯೂ ಕಡಿಮೆ. ಆದರೆ ಅಂಕಿ ಮೇಲಕ್ಕೆ ಮಾತ್ರ ಹೋಗುತ್ತದೆ. 0ಯಿಂದ 99ರವರೆಗೆ ಸುತ್ತುವ ಲೆಕ್ಕದಲ್ಲಿ ಕೈತಪ್ಪಿ 46 ಆಯಿತೆಂದರೆ ತಿರುಗಿ 45ಕ್ಕೆ ಬರಲು 99 ಸಲ ಒತ್ತಬೇಕು. ಒತ್ತಿ ಹಿಡಿದಾಗ ಅಂಕಿ ತಾನೇ ಓಡುವಂತೆ ಮಾಡಿದರೆ, ಕೈ ತೆಗೆಯುವಷ್ಟರಲ್ಲಿ ಮತ್ತೆ ಎರಡು ಮೂರು ದಾಟಿರುತ್ತದೆ. ಇದಕ್ಕಿಂತ ಕೆಟ್ಟದ್ದು, ಒಂದೇ ಬಟನ್ನಿಗೆ ಎರಡು ಅರ್ಥ: ಸುಮ್ಮನೆ ಒತ್ತಿದರೆ ಮುಂದಿನ ವಾಲ್ವ್, ಎರಡು ಸೆಕೆಂಡು ಹಿಡಿದರೆ ಉಳಿಸು. ಈ ಭೇದ ಡಬ್ಬದ ಮೇಲೆ ಎಲ್ಲೂ ಕಾಣುವುದಿಲ್ಲ. ಹೇಳಿಕೊಟ್ಟವರು ಊರಲ್ಲಿಲ್ಲದ ದಿನ ಡಬ್ಬ ಇದ್ದೂ ಇಲ್ಲದ ಹಾಗೆ.

ತಿರುಗಿಸುವ ನಾಬ್ ಎಂದರೆ, ತಿರುಗಿದ್ದನ್ನು ಕ್ಲಿಕ್ ಲೆಕ್ಕದಲ್ಲಿ ತಿಳಿಸುವ ಇಸಿ11 ಎನ್‌ಕೋಡರ್. ಒಂದು ಸುತ್ತಿಗೆ 20 ಕ್ಲಿಕ್. 30ರಿಂದ 45ಕ್ಕೆ ಮುಕ್ಕಾಲು ಸುತ್ತು ಸಾಕು, ದಾಟಿದರೆ ಹಿಂದಕ್ಕೆ ತಿರುಗಿಸಿದರಾಯಿತು. ಅಂಕಿ ಇಡುವುದಕ್ಕೆ ಇದರಷ್ಟು ಹಿತವಾದದ್ದು ಇನ್ನೊಂದಿಲ್ಲ. ತೊಡಕು ಬರುವುದು ಒಪ್ಪಿಗೆಗೆ ನಾಬನ್ನೇ ಒತ್ತುವಾಗ. ಒದ್ದೆ ಬೆರಳು ಜಾರಿ ಒಂದು ಕ್ಲಿಕ್ ತಿರುಗುತ್ತದೆ, 45 ಹೋಗಿ 46 ಉಳಿಯುತ್ತದೆ. ಒತ್ತುವುದಕ್ಕೆ ಮುಂಚಿನ 100 ಮಿಲಿಸೆಕೆಂಡಿನ ತಿರುಗಾಟವನ್ನು ಪ್ರೋಗ್ರಾಂ ಕೈಬಿಡುವಂತೆ ಬರೆದರೆ ಇದು ನಿಲ್ಲುತ್ತದೆ. ಇನ್ನೊಂದು: ಈ ಭಾಗ ಒಂದು ಕ್ಲಿಕ್ಕಿಗೆ ನಾಲ್ಕು ಸಿಗ್ನಲ್ ಬದಲಾವಣೆ ಕೊಡುತ್ತದೆ. ನಾಲ್ಕನ್ನೂ ಎಣಿಸಿದರೆ ಅಂಕಿ ನಾಲ್ಕು ನಾಲ್ಕಾಗಿ ಹಾರುತ್ತದೆ, ಆದ್ದರಿಂದ ನಾಲ್ಕರಿಂದ ಭಾಗಿಸಬೇಕು. ಇವೆರಡನ್ನೂ ಸರಿಮಾಡಬಹುದು. ಧೂಳನ್ನು ಮಾತ್ರ ಆಗುವುದಿಲ್ಲ. ದಂಡದ ಸಂದಿಯಿಂದ ಮಣ್ಣು ಇಳಿದು ಒಳಗಿನ ಕಾಂಟ್ಯಾಕ್ಟ್ ಕೊಳೆಯಾಗುತ್ತದೆ. ಮುಂದಕ್ಕೆ ತಿರುಗಿಸಿದರೆ ಅಂಕಿ ಹಿಂದಕ್ಕೆ ಹೋಗತೊಡಗಿತೆಂದರೆ ಆಯಸ್ಸು ಮುಗಿಯುತ್ತಾ ಬಂತೆಂದು ಲೆಕ್ಕ. ಮನೆಯೊಳಗಿನ ಉಪಕರಣಕ್ಕೆ ನಾವು ಇದನ್ನೇ ಹಾಕುತ್ತೇವೆ, ತೋಟಕ್ಕಲ್ಲ.

ತೋಟಕ್ಕೆ ನಾಲ್ಕು ಬಟನ್: ವಾಲ್ವ್, ಹೆಚ್ಚು, ಕಡಿಮೆ, ಶುರು-ನಿಲ್ಲು. ಮೆನು ಎಂಬುದೇ ಇಲ್ಲ. ಒಂದನೇ ವಾಲ್ವ್‌ನಿಂದ ಮೂರಕ್ಕೆ ಎರಡು ಸಲ, 30ರಿಂದ 45ಕ್ಕೆ ಐದೈದರಂತೆ ಮೂರು ಸಲ, ಶುರು ಒಂದು ಸಲ, ಒಟ್ಟು ಆರು. ಅಂಕಿ ಹತ್ತು ನಿಮಿಷಕ್ಕಿಂತ ಕಡಿಮೆ ಇರುವಾಗ ಒಂದೊಂದೇ ಏರಬೇಕು, ಅದರ ಮೇಲೆ ಐದೈದು. ಎಳೆ ಸಸಿಗೆ ನಾಲ್ಕು ನಿಮಿಷ ಇಡುವವರಿಗೂ ಅನುಕೂಲ. 12 ಮಿಲಿಮೀಟರಿನ ಬಟನ್ ಹಾಕಿ, ನಡುವಿನಿಂದ ನಡುವಿಗೆ 20 ಮಿಲಿಮೀಟರಾದರೂ ಬಿಡಿ. ಹತ್ತಿರ ಇಟ್ಟರೆ ದಪ್ಪ ಬೆರಳು ಎರಡನ್ನೂ ಒತ್ತುತ್ತದೆ. ಮೇಲೆ ಅಂಟು ಹಾಳೆ ಹೊದಿಸಿದರೆ ಧೂಳಿನ ಕಾಟವಿಲ್ಲ. ಪರದೆಯ ಬೆಳಕು ಆರಿದ್ದಾಗ ಮೊದಲ ಒತ್ತು ಬೆಳಕನ್ನಷ್ಟೇ ಹೊತ್ತಿಸಲಿ. ಆದರೆ ನೀರು ಹರಿಯುತ್ತಿರುವಾಗ ‘ನಿಲ್ಲು’ ಕತ್ತಲಲ್ಲೂ ಮೊದಲ ಒತ್ತಿಗೇ ನಿಲ್ಲಿಸಬೇಕು. ಪೈಪು ಒಡೆದಾಗ ಎರಡು ಸಲ ಒತ್ತಿ ಎನ್ನುವುದು ನ್ಯಾಯವಲ್ಲ.

ಪರದೆಯ ಮಾತು ಬೇರೆ. 16 ಅಕ್ಷರದ ಎರಡು ಸಾಲಿನ ಎಲ್‌ಸಿಡಿ ಬಿಸಿಲಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಕನ್ನಡಕ್ಕೆ ಒಗ್ಗುವುದಿಲ್ಲ. ನಾವೇ ಬರೆದು ತುಂಬಬಹುದಾದ ಅಕ್ಷರ ಎಂಟೇ, ಒಂದೊಂದಕ್ಕೂ ಸಿಗುವುದು 5 ಅಡ್ಡ 8 ಉದ್ದದ ಚುಕ್ಕಿ. ‘ವಾಲ್ವ್’ನ ಒತ್ತಕ್ಷರಕ್ಕೆ ಕೆಳಗೆ ಜಾಗವೇ ಉಳಿಯುವುದಿಲ್ಲ. 0.96 ಇಂಚಿನ ಓಎಲ್‌ಇಡಿ ರಾತ್ರಿಗೆ ಚಂದ, ಮಧ್ಯಾಹ್ನ ಕೈ ಅಡ್ಡ ಹಿಡಿದರೂ ಓದಲಾಗದು. ನಾವು ಉಳಿಸಿಕೊಂಡದ್ದು 128 ಅಡ್ಡ 64 ಚುಕ್ಕಿಯ ದೊಡ್ಡ ಗ್ರಾಫಿಕ್ ಎಲ್‌ಸಿಡಿ. 20 ಚುಕ್ಕಿ ಎತ್ತರದಲ್ಲಿ ಒತ್ತಕ್ಷರ ಸಮೇತ ಕನ್ನಡ ಮೂರು ಸಾಲು ಹಿಡಿಯುತ್ತದೆ. ಸಣ್ಣ ಕಂಟ್ರೋಲರ್‌ಗೆ ಕನ್ನಡ ಜೋಡಿಸಲು ಬರುವುದಿಲ್ಲವಾದ್ದರಿಂದ ಪೂರ್ತಿ ಪದವನ್ನೇ ಚಿತ್ರ ಮಾಡಿ ಇಡಬೇಕು. 64 ಅಡ್ಡ 20ರ ಪದಕ್ಕೆ 160 ಬೈಟ್, 30 ಪದಕ್ಕೆ 4,800. ಎಟಿಮೆಗಾ328ಪಿ ಎಂಬ ಕಂಟ್ರೋಲರ್ ಚಿಪ್ಪಿನ 32 ಕಿಲೋಬೈಟ್ ಮೆಮೊರಿಯಲ್ಲಿ ಸಲೀಸಾಗಿ ಕೂರುತ್ತದೆ. ಈ ಸೀಮೆಯಲ್ಲಿ ಮನೆಮಾತು ತೆಲುಗಾದವರೂ ಬಹಳ. ‘ಅವಧಿ’, ‘ಸ್ಥಗಿತ’ ಬಿಟ್ಟು ‘ನಿಮಿಷ’, ‘ನಿಲ್ಲು’ ಎಂದೇ ಬರೆಯಿರಿ. ಕಾಂಟ್ರಾಸ್ಟನ್ನು ತಂಪು ಹೊತ್ತಿನಲ್ಲಿ ಮಾತ್ರ ಹೊಂದಿಸಬೇಡಿ, ಬಿಸಿಗೆ ಎಲ್‌ಸಿಡಿ ಕಪ್ಪಾಗುತ್ತದೆ. ಬೆಳಿಗ್ಗೆಯೂ ಮಧ್ಯಾಹ್ನವೂ ನೋಡಿ ನಡುವಿನಲ್ಲಿ ನಿಲ್ಲಿಸಿ.

ಯಾವ ಮುಂಭಾಗ ಹಾಕಿದರೂ ಸ್ಟಾರ್ಟರಿನ ಕಾಂಟ್ಯಾಕ್ಟರ್, ಅಂದರೆ ಮೋಟಾರಿಗೆ ಕರೆಂಟು ಕೊಟ್ಟು ಕಡಿಯುವ ದೊಡ್ಡ ಸ್ವಿಚ್ಚು, ಕಾಟ ಕೊಡದೆ ಬಿಡುವುದಿಲ್ಲ. ಅದು ಎಳೆದಾಗಲೋ ಬಿಟ್ಟಾಗಲೋ ಹಾರುವ ಸ್ಪೈಕ್ (ಕ್ಷಣಮಾತ್ರದ ವೋಲ್ಟೇಜ್ ಏರಿಕೆ) ಬಟನ್ ವೈರಿಗೆ ಹತ್ತಿ, ಯಾರೂ ಮುಟ್ಟದೆಯೇ ಒತ್ತಿದಂತಾಗುತ್ತದೆ. ಕಂಟ್ರೋಲರ್ ಒಳಗಿನ ಪುಲ್-ಅಪ್ (ಬಟನ್ ಒತ್ತದಿದ್ದಾಗ ಪಿನ್ನನ್ನು ಮೇಲಿನ ವೋಲ್ಟೇಜಿನಲ್ಲೇ ಹಿಡಿದಿಡುವ ರೆಸಿಸ್ಟರ್) ನಂಬದೆ ಹೊರಗೆ 10 ಕಿಲೋ ಓಮಿನದು ಹಾಕಿ, ಪಿನ್ನಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಡಿ, ವೈರು ಗಿಡ್ಡ ಇರಲಿ. 30 ಮಿಲಿಸೆಕೆಂಡು ಹಿಡಿಯದ ಒತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಕಾಂಟ್ಯಾಕ್ಟರ್ ಬಡಿದ ಅರ್ಧ ಸೆಕೆಂಡಿನ ಮೇಲೆ ಪರದೆಯನ್ನು ಹೊಸದಾಗಿ ಶುರುಮಾಡಿಸಿದರೆ ಗೀಚುಗೀಚು ಅಕ್ಷರ ಉಳಿಯುವುದಿಲ್ಲ.

ಕರೆಂಟು ಹೋಗಿ ಬಂದಾಗ ಪರದೆ ಮೊದಲು ತೋರಿಸಬೇಕಾದದ್ದು ‘ವಾಲ್ವ್ 3, ಬಾಕಿ 22 ನಿಮಿಷ’. ಇದಕ್ಕಾಗಿ ಪ್ರತಿ ನಿಮಿಷ, ಕರೆಂಟು ಹೋದರೂ ಬರೆದದ್ದು ಉಳಿಯುವ ಮೆಮೊರಿಯಾದ ಈಪ್ರಾಮ್‌ನ ಒಂದೇ ಜಾಗಕ್ಕೆ ಬರೆದರೆ, ದಿನಕ್ಕೆ 7 ಗಂಟೆ ಓಡಿದರೂ 420 ಬರಹ. ಒಂದು ಜಾಗಕ್ಕಿರುವ 1 ಲಕ್ಷ ಬರಹದ ಮಿತಿ ಎಂಟು ತಿಂಗಳೊಳಗೆ ಮುಗಿಯುತ್ತದೆ. ಗಡಿಯಾರಕ್ಕೆಂದು ಹಾಕುವ ಡಿಎಸ್1307 ಚಿಪ್ಪಿನಲ್ಲಿ ಬ್ಯಾಟರಿಯಲ್ಲಿ ಉಳಿಯುವ 56 ಬೈಟ್ ಇದೆ, ಬಾಕಿ ನಿಮಿಷವನ್ನು ಅಲ್ಲಿಡಿ. ಎಷ್ಟು ಸಲ ಬರೆದರೂ ಅದು ಸವೆಯುವುದಿಲ್ಲ.